ಅಪ್ಪನ ಮುಖಕ್ಕೆ ಯಾವ ಮಣ್ಣು

ಫ್ಲೆಕ್ಸ್ ಅನ್ನೋ ಶನಿ ವಕ್ಕರಿಸೋಕೆ ಮುಂಚೆ ಹೊಸಕೋಟೆ ಸುತ್ತಮುತ್ತ ಯಾರ ಮುಖ ಬರೀಬೇಕಾದ್ರೂ ನನ್ನ ಹತ್ರಾನೇ ಬರ್ಬೇಕಿತ್ತು. ಗೆದ್ದ ಎಮ್ಮೆಲ್ಲೆ, ಸೋತ ಎಮ್ಮೆಲ್ಲೆ, ಸಿನಿಮಾ ಹೀರೋ, ತೀರ್ಕೊಂಡ ಸಾಹುಕಾರ, ಎಲ್ಲರ ಮೂಗೂ ಈ ಕೈಯಲ್ಲೇ ಎದ್ದಿದ್ದು. ಪಾಸ್‌ಪೋರ್ಟ್ ಸೈಜಿನ ಒಂದು ಫೋಟೋ ಕೊಟ್ರೆ ಸಾಕು, ಮನೆ ಎತ್ತರದ ಕಟೌಟ್ ನಿಲ್ಲಿಸ್ತಿದ್ದೆ. ಜಂಬ ಅಲ್ಲ, ಬೇಕಾದ್ರೆ ಸಮೇತನಹಳ್ಳಿಗೆ ಬಂದು ಬೋರ್ಡ್ ಕಾಂತರಾಜು ಮನೆ ಯಾವುದು ಅಂತ ಕೇಳಿ ನೋಡಿ. ಊರಿನೋರ ಮುಖಾನೆಲ್ಲ ಬರೆದ ಈ ಮಹಾನುಭಾವನಿಗೆ ತನ್ನ ಅಪ್ಪನ ಮುಖ ಮಾತ್ರ ಗೊತ್ತಿರ್ಲಿಲ್ಲ.

ಗೊತ್ತಾಗೋದಾದ್ರೂ ಹೇಗೆ? ನಾನು ಅವ್ವನ ಹೊಟ್ಟೇಲಿದ್ದಾಗ್ಲೇ ಅಪ್ಪ ಹೋಗ್ಬಿಟ್ಟ. ವೆಂಕಟರಾಯಪ್ಪ ಅಂತ ಹೆಸರು. ಮದ್ರಾಸಿಗೆ ಆಲೂಗಡ್ಡೆ ಹೊಡೀತಿದ್ದ ಲಾರೀಲಿ ಕ್ಲೀನರ್. ಅಲ್ಲೆಲ್ಲೋ ತಮಿಳುನಾಡಲ್ಲಿ ಲಾರಿ ಮಗುಚ್ಕೊಳ್ತು. ಬಟ್ಟೆ ಸುತ್ತಿ ತಂದಿದ್ದನ್ನ ಹಂಗೇ ಮಣ್ಣು ಮಾಡಿದ್ರಂತೆ, ಮುಖ ಯಾರಿಗೂ ತೋರಿಸ್ಲಿಲ್ಲವಂತೆ. ಫೋಟೋ ಅನ್ನೋದು ಒಂದೂ ಇಲ್ಲ. ಮಗನ ಮದುವೇಲಿ ಫೋಟೋ ತೆಗೆಸೋ ಅಷ್ಟು ದೊಡ್ಡಸ್ತಿಕೆ ನಮ್ಮ ತಾತನಿಗೆ ಇರ್ಲಿಲ್ಲ. ಅಪ್ಪನ ಜೊತೆಯೋರೆಲ್ಲ ಒಬ್ಬೊಬ್ರಾಗಿ ಹೊರಟುಹೋದ್ರು. ಉಳಿದಿದ್ದ ಮುದುಕ ಲಕ್ಷ್ಮಯ್ಯನ್ನ ಕೇಳಿದ್ರೆ, "ಒಳ್ಳೆ ಆಳು ಕಣಪ್ಪ, ನಗ್ತಾ ನಗ್ತಾ ಇರ್ತಿದ್ದ" ಅಂದ. ಮೂಗು ಹೆಂಗಿತ್ತು ಅಂದ್ರೆ, "ಎಲ್ಲರಿಗೂ ಇರೋ ಹಂಗೇ ಇತ್ತು" ಅಂದ. ಇಂಥೋರನ್ನ ಕಟ್ಕೊಂಡು ಏನು ಮಾಡೋದು ಹೇಳಿ! ಇನ್ನು ಅವನನ್ನ ಬಿಟ್ರೆ ಅಪ್ಪನ ಮುಖ ಕಂಡ ಕಣ್ಣು ಅಂತ ಈ ಭೂಮಿ ಮೇಲೆ ಉಳಿದಿದ್ದು ನಮ್ಮವ್ವ ಅಮ್ಮಯಮ್ಮನ ಕಣ್ಣು ಮಾತ್ರ.

ನನ್ನ ಮಗಳು ಸಿಂಧು ಗೊಂಬೆ ಸಿನಿಮಾ ಮಾಡ್ತಾಳೆ. ಗೊಂಬೇನ ಮೇಜಿನ ಮೇಲೆ ನಿಲ್ಲಿಸೋದು, ಕಾಲನ್ನ ಒಂದು ಕೂದಲೆಳೆಯಷ್ಟು ಜರುಗಿಸೋದು, ಒಂದು ಫೋಟೋ ಹೊಡೆಯೋದು, ಇನ್ನೊಂದು ಎಳೆ ಜರುಗಿಸೋದು, ಮತ್ತೆ ಫೋಟೋ. ಎಲ್ಲಾ ಸೇರಿಸಿ ಓಡಿಸಿದ್ರೆ ಗೊಂಬೆ ತಾನಾಗೇ ನಡೆದ ಹಾಗೆ ಕಾಣುತ್ತೆ. ದಿನವೆಲ್ಲ ಬೆನ್ನು ಮುರ್ಕೊಂಡ್ರೆ ಗೊಂಬೆ ಒಂದ್ಸಲ ತಲೆ ಕೆರ್ಕೊಳ್ಳುತ್ತೆ, ಅಷ್ಟೇ. ಬೆಂಗಳೂರಿನ ಜಾಹೀರಾತಿನೋರಿಗೆ ಸೋಪು ಬಿಸ್ಕತ್ತು ಕುಣಿಸಿಕೊಟ್ಟು ಬೇಜಾರಾಗಿ, ಹೋದ ಸಂಕ್ರಾಂತೀಲಿ ಮನೇಗೆ ಬಂದು ಕೂತ್ಲು.

"ಅಪ್ಪ, ನಂದೇ ಒಂದು ಚಿಕ್ಕ ಫಿಲಂ ಮಾಡ್ತೀನಿ, ಒಂದು ವರ್ಷ ಹಿಡಿಯುತ್ತೆ. ತಾತ ಹೈವೇಲಿ ಲಾರಿ ಇಳಿದು, ಹೊಲದ ಬದುವಿನ ಮೇಲೆ ಊರಿಗೆ ನಡ್ಕೊಂಡು ಬರ್ತಾರೆ."

"ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೇ ಕಥೆ."

"ಇಷ್ಟಕ್ಕೆ ಒಂದು ವರ್ಷ ಬೇಕೇನೇ ತಾಯಿ?" ಅಂತ ರೇಗಿಸ್ದೆ. ಆದ್ರೆ ನನ್ನ ಆಸೆ ಬೇರೆ ಇತ್ತು. ನಂಗೆ ಸಿನಿಮಾನೂ ಬೇಡ ಗಿನಿಮಾನೂ ಬೇಡ. ಗೊಂಬೆ ಮಾಡ್ಬೇಕಂದ್ರೆ ಅದಕ್ಕೊಂದು ಮುಖ ಬೇಕಲ್ಲ, ಆ ಮುಖ ಅವ್ವ ಹೇಳ್ಬೇಕಲ್ಲ, ನಾನು ಮಾಡ್ಬೇಕಲ್ಲ. ಸಾಯೋದ್ರೊಳಗೆ ಒಂದ್ಸಲ ಅಪ್ಪನ್ನ ನೋಡ್ಬೇಕು. ಬೇಕಾಗಿದ್ದು ಇಷ್ಟೇ ನಂಗೆ.

ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೇನೇ ಸ್ಟುಡಿಯೋ ಆಯ್ತು. ಮೊದಲ ಜಗಳ ಎಲುಬಿಗೆ. ಗೊಂಬೆ ಒಳಗೆ ಹಾಕೋಕೆ ನಾನು ದ್ರಾಕ್ಷಿ ತೋಟದಲ್ಲಿ ಚಪ್ಪರಕ್ಕೆ ಎಳೀತಾರಲ್ಲ, ಆ ಜಿಐ ತಂತಿ ತಂದೆ. ಗಟ್ಟಿ ಮಾಲು. ಸಿಂಧು ಬಗ್ಗಿಸಿ ಬಿಟ್ಲು, ತಂತಿ ಟಣ್ ಅಂತ ವಾಪಸ್ ಎಗರ್ತು. "ಅಪ್ಪ, ಮಡಚಿದ ಮೊಣಕಾಲು ಮಡಚಿದ ಹಾಗೇ ಇರ್ಬೇಕು, ಇದು ತಾತನ್ನ ಒದೆಯೋ ಕತ್ತೆ ಮಾಡುತ್ತೆ" ಅಂದ್ಲು. ಕೊನೆಗೆ ಮೆತ್ತಗಿರೋ ಅಲ್ಯೂಮಿನಿಯಂ ತಂತೀನ ಎರಡೆಳೆ ಹೊಸೆದು ಕೈಕಾಲು ಮಾಡಿದ್ವಿ. ಮಾಂಸಕ್ಕೆ ಸೋಫಾ ರಿಪೇರಿ ಅಂಗಡಿಯ ಸ್ಪಾಂಜು. ಮೀಸೆಗೆ ಉಲ್ಲನ್ ಹಾಕಿದ್ರೆ ಕರಡಿ ಥರ ಕಂಡ, ಅದಕ್ಕೆ ಇಲ್ಲೇ ಹತ್ತಿರದ ವಿಜಯಪುರದ ರೀಲಿಂಗ್ ಮನೆಗಳಲ್ಲಿ ನೂಲು ತೆಗೆದು ಬಿಸಾಕೋ ರೇಷ್ಮೆ ಸಿಕ್ಕು ತಂದು ಕರಿ ಬಣ್ಣ ಹಾಕಿದ್ವಿ. ಪಂಚೆ ಅಂತ ಹೊಸ ಬಟ್ಟೆ ಉಡಿಸಿದ್ರೆ ರಟ್ಟಿನ ಹಾಗೆ ಸೆಟೆದು ನಿಲ್ತಿತ್ತು. ಅವ್ವನ ಹಳೇ ವಾಯಿಲ್ ಸೀರೆ, ಒಗೆದು ಒಗೆದು ಸವೆದಿದ್ದು, ಅದು ಮೈಮೇಲೆ ಸರಿಯಾಗಿ ಕೂತ್ಕೊಳ್ತು.

ಇದೆಲ್ಲ ಆಗೋವಾಗ ಅವ್ವ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರ್ತಿದ್ಲು. ಕೇಳದೇ ಇದ್ರೂ ಹೇಳೋಳು. ಎಡಗಾಲು ಚೂರು ಹೊರಕ್ಕೆ ಹಾಕಿ ನಡೀತಿದ್ರು ಅನ್ನೋಳು. ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು, ಹೆಬ್ಬೆರಳ ಉಗುರು ಜ್ಯಾಕ್ ಬಿದ್ದು ಕಪ್ಪಗಾಗಿತ್ತು ಅನ್ನೋಳು. ನನಗೋ ಆತುರ. "ಕಾಲು ಬಿಡವ್ವ, ಕಾಲು ಯಾವನು ನೋಡ್ತಾನೆ? ಮುಖ ಹೇಳು" ಅಂತಿದ್ದೆ. ಅಷ್ಟಕ್ಕೆ ಅವಳಿಗೆ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಗೋದು. ಎದ್ದು ಹೋಗೋಳು. ಪಾಪ, ದುಃಖ ಬರುತ್ತೆ ಅಂತ ನಾನು ತಿಳ್ಕೊಂಡೆ.

ಮುಖದ ಕಥೆ ಕೇಳ್ಬೇಡಿ. ಮೊದ್ಲು ನಮ್ಮ ಕೆರೆ ಜೇಡಿಮಣ್ಣಲ್ಲಿ ಮಾಡ್ದೆ, ಒಣಗೋ ಹೊತ್ತಿಗೆ ಹಣೆಯಿಂದ ಗಲ್ಲದ ತನಕ ಬಿರುಕು. ಸಿಂಧು ಬೆಂಗಳೂರಿಂದ ಒಣಗದೇ ಇರೋ ಎಣ್ಣೆ ಕ್ಲೇ ತಂದ್ಲು. ಬೆಣ್ಣೆ ಥರ ಕೈಗೆ ಬರ್ತಿತ್ತು, ತುಂಬ ಖುಷಿಯಾಯ್ತು. ಲೈಟ್ ಹಾಕಿದ್ವಿ ನೋಡಿ, ಮಧ್ಯಾಹ್ನದೊಳಗೆ ಅಪ್ಪನ ಮೂಗು ಇಳಿದು ಬಂದು ಮೀಸೆ ಮೇಲೆ ಕೂತಿತ್ತು. ಆಮೇಲೆ ಸಿಲಿಕಾನ್. ಅಚ್ಚು ತೆಗೆದು ಎರಕ ಹೊಯ್ದು ಬಣ್ಣ ಕೊಟ್ರೆ ಚರ್ಮ ಅಂದ್ರೆ ಚರ್ಮಾನೇ. ಅವ್ವನ ಕೈಗೆ ಕೊಟ್ಟೆ. ಕೆನ್ನೆ ಮುಟ್ಟಿದೋಳೇ, "ಅಯ್ಯಪ್ಪಾ! ಹಲ್ಲಿ ಮುಟ್ಟಿದಂಗಾಯ್ತು ಕಣೋ. ಅವರು ಇಷ್ಟೊಂದು ತಣ್ಣಗಿರ್ಲಿಲ್ಲ ಬಿಡು" ಅಂದ್ಲು. ನನ್ನ ಹೆಂಡ್ತಿ ಅನುಸೂಯ ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದೇ ನಕ್ಕಿದ್ದು. ಅವ್ವನ ಮುಖಾನೂ ಕೆಂಪಗಾಯ್ತು.

ಪ್ರತಿ ಮುಖಕ್ಕೂ ಅವಳದು ಒಂದೇ ಮಾತು. ಹತ್ರ ಬಂದಿದೆ ಕಣಪ್ಪ, ಇನ್ನೂ ಸ್ವಲ್ಪ. ಏನು ಸ್ವಲ್ಪ? ಹುಬ್ಬು ದಪ್ಪ ಬೇಕಾ, ದವಡೆ ಅಗಲ ಬೇಕಾ, ಕಣ್ಣು ಒಳಗೆ ಹೋಗ್ಬೇಕಾ? "ಅದೆಲ್ಲ ಹೇಳೋಕಾಗಲ್ಲ ಕಣೋ, ನೋಡಿದ್ರೆ ಗೊತ್ತಾಗುತ್ತೆ." ಸರಿ, ಮತ್ತೆ ಮಾಡು.

ಕೊನೇಲಿ ದಾರಿ ತೋರಿಸಿದ್ದೂ ಅವಳೇ. "ಲೇ ಕಾಂತ, ನಾವು ಮೊರಕ್ಕೆ, ಬುಟ್ಟಿಗೆ ಮೆಂತ್ಯ ಕಾಗದ ರುಬ್ಬಿ ಬಳೀತಿದ್ವಲ್ಲೋ. ಬಿರಿಯಲ್ಲ, ಕರಗಲ್ಲ, ಹಗೂರ. ಅದ್ರಲ್ಲಿ ಮಾಡಿ ನೋಡು." ಹಳೇ ಪೇಪರ್ ನೆನೆಹಾಕಿ, ಮೆಂತ್ಯ ನೆನೆಹಾಕಿ, ಎರಡೂ ಒರಳಲ್ಲಿ ರುಬ್ಬಿ ಕೊಟ್ಲು. ಮಿಕ್ಸಿ ಮುಟ್ಟಿದ್ರೆ ಅನುಸೂಯ ನಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ಲು. ಆಹಾ, ಏನು ಪದಾರ್ಥ ರೀ ಅದು! ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದ್ರೆ ನುಣ್ಣಗೆ ಬರುತ್ತೆ, ಬಣ್ಣ ಹೀರ್ಕೊಳ್ಳುತ್ತೆ, ಲೈಟಿಗೆ ಮಿಂಚಲ್ಲ, ತಂತಿ ಕತ್ತಿನ ಮೇಲೆ ಭಾರಾನೂ ಆಗಲ್ಲ. ಸಿಂಧು ಕುಣಿದಾಡಿದ್ಲು. ಕೊಟ್ಟಿಗೆ ತುಂಬ ಮೆಂತ್ಯದ ಕಹಿ ವಾಸನೆ.

ಈಗ ತಪ್ಪು ವಸ್ತುವಿನ ಮೇಲೆ ಹಾಕೋ ಹಾಗಿರ್ಲಿಲ್ಲ. ಮಾಡ್ದೆ, ಮಾಡ್ದೆ, ಮೊರದ ತುಂಬ ತಲೆಗಳು ಒಣಗ್ತಾ ಬಿದ್ದಿದ್ವು, ಕಜ್ಜಾಯ ಹರಡಿದ ಹಾಗೆ. ಒಂದೊಂದೇ ಎತ್ತಿ ತೋರಿಸೋದು, ಅವಳು ಇನ್ನೂ ಸ್ವಲ್ಪ ಅನ್ನೋದು. ಒಂದು ದಿನ ನನ್ನ ತಲೆ ಕೆಡ್ತು. ಕೈಲಿದ್ದ ತಲೇನ ಗೋಡೆಗೆ ಎಸೆದೆ. "ಕಟ್ಕೊಂಡ ಗಂಡನ ಮುಖ ನೆನಪಿಲ್ಲವೇನವ್ವಾ ನಿಂಗೆ? ಎಂಥ ಹೆಂಗ್ಸು ನೀನು!" ಅಂದ್ಬಿಟ್ಟೆ. ಅವ್ವ ಎದ್ದು ಹೋಗಿ ಎಸೆದ ತಲೆ ಎತ್ಕೊಂಡು, ಸೆರಗಲ್ಲಿ ಧೂಳು ಒರೆಸಿ ಮೊರದಲ್ಲಿಟ್ಲು. ಅವತ್ತು ನಾನೂ ಉಣ್ಲಿಲ್ಲ, ಅವಳೂ ಉಣ್ಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕಾಫಿ ಹಿಡ್ಕೊಂಡು ತಾನೇ ಕೊಟ್ಟಿಗೆಗೆ ಬಂದ್ಲು. ಮೊರದ ಮುಂದೆ ಕೂತ್ಕೊಂಡು ಒಂದೊಂದು ತಲೇನೂ ತಿರುಗಿಸಿ ತಿರುಗಿಸಿ ನೋಡಿದ್ಲು. ಒಂದನ್ನ ಎತ್ತಿ ನನ್ನ ಕೈಗೆ ಕೊಟ್ಟು, "ಹೂಂ. ಇವರೇ" ಅಂದ್ಲು.

"ನಿಜವಾಗ್ಲೂ?"

"ಇವರೇ ಅಂದೆನಲ್ಲ. ಕಾಫಿ ಕುಡಿ, ಆರುತ್ತೆ."

ಸ್ವಲ್ಪ ಉದ್ದ ಮುಖ. ನೀಟಾದ ಮೂಗು. ತುಟಿ ಅಂಚಲ್ಲಿ ಇನ್ನೇನು ನಗ್ತಾನೆ ಅನ್ನೋ ಹಾಗಿತ್ತು, ಲಕ್ಷ್ಮಯ್ಯನ ಮಾತು ಕೇಳಿ ನಾನೇ ಇಟ್ಟ ನಗು. ಅಯ್ಯೋ ಅಪ್ಪಾ, ಹಿಂಗಿದ್ದೆಯೇನೋ ನೀನು ಅಂತ, ಮಗಳು ಎದುರಿಗಿದಾಳೆ ಅನ್ನೋದೂ ಮರೆತು ಅತ್ತೆ. ಐವತ್ತು ದಾಟಿದ ಗಂಡಸು, ತನಗಿಂತ ಅರ್ಧ ವಯಸ್ಸಿನ ಅಪ್ಪನ ತಲೇನ ಅಂಗೈಯಲ್ಲಿ ಇಟ್ಕೊಂಡು ಅಳೋದು ಅಂದ್ರೆ ನೋಡೋರಿಗೆ ನಗು ಬರ್ಬಹುದು. ಬರ್ಲಿ. ಅವತ್ತಿನಷ್ಟು ಸುಖ ನಾನು ಬೇರೆ ಯಾವತ್ತೂ ಪಟ್ಟಿಲ್ಲ.

ಬೇಸಿಗೆಯೆಲ್ಲ, ಮಳೆಗಾಲವೆಲ್ಲ ಸಿಂಧು ಶೂಟಿಂಗ್ ಮಾಡಿದ್ಲು. ಅಪ್ಪ ಲಾರಿ ಇಳಿದ, ರಾಗಿ ಹೊಲದ ಬದುವಿನ ಮೇಲೆ ಎಡಗಾಲು ಹೊರಕ್ಕೆ ಹಾಕ್ಕೊಂಡು ನಡೆದ. ಆದಷ್ಟನ್ನ ಲ್ಯಾಪ್‌ಟಾಪಲ್ಲಿ ತೋರಿಸಿದ್ರೆ ಅವ್ವ ನೋಡಿ, "ನಡಿಗೆ ಸರಿಯಾಗಿ ಬಂದಿದೆ ಕಣೇ ಮಗಳೇ" ಅನ್ನೋಳು. ಮುಖದ ಬಗ್ಗೆ ಏನೂ ಅಂತಿರ್ಲಿಲ್ಲ. ನಾನೂ ಕೇಳ್ಲಿಲ್ಲ. ಒಪ್ಪಿ ಆಗಿದೆಯಲ್ಲ, ಇನ್ನೇನು ಕೇಳೋದು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಹಿರಿಯರಿಗೆ ಎಡೆ ಇಡ್ತೀವಿ. ತೀರ್ಕೊಂಡೋರ ಫೋಟೋ ಇಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟ ಆದದ್ದೆಲ್ಲ ಬಾಳೆಲೇಲಿ ಬಡಿಸಿ, ಬಾಗಿಲು ಮುಂದೆ ಮಾಡ್ಕೊಂಡು ಎಲ್ಲರೂ ಆಚೆ ನಿಲ್ಲೋದು. ಹಿರಿಯರು ಬಂದು ಉಂಡು ಹೋಗ್ತಾರೆ ಅನ್ನೋದು ನಂಬಿಕೆ. ಎಲ್ಲರ ಮನೇಲೂ ಫೋಟೋ, ನಮ್ಮ ಮನೇಲಿ ಮಾತ್ರ ಒಂದು ಬರೀ ಪಂಚೆ. ಚಿಕ್ಕ ಹುಡುಗ ಆಗಿದ್ದಾಗಿಂದ ಆ ಪಂಚೆಗೆ ಕೈಮುಗಿದು ಕೈಮುಗಿದು ನನಗೆ ಹೊಟ್ಟೆ ಉರೀತಿತ್ತು.

ಈ ಸಲ ಹಾಗಾಗ್ಬಾರ್ದು ಅಂತ ಗೊಂಬೆ ಮುಖಾನ ಒಳ್ಳೆ ಬೆಳಕಲ್ಲಿ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಹೊಸಕೋಟೇಲಿ ಕಟ್ಟು ಹಾಕಿಸಿ ತಂದೆ. ಯಾರಿಗೂ ಹೇಳ್ಲಿಲ್ಲ. ಅಮಾವಾಸ್ಯೆ ದಿನ ಒಳಗೆ ಅಡುಗೆ ನಡೀತಿದ್ದಾಗ ನಡುಮನೇಲಿ ಮಣೆ ಹಾಕಿ, ಫೋಟೋ ಇಟ್ಟು, ಸೇವಂತಿಗೆ ಹಾರ ಹಾಕಿ ಕುಂಕುಮ ಇಟ್ಟೆ. ಗೊತ್ತಿಲ್ಲದೋರು ನೋಡಿದ್ರೆ ಗೊಂಬೆ ಅಂತ ಖಂಡಿತ ಹೇಳ್ತಿರ್ಲಿಲ್ಲ. ಅಷ್ಟು ಜೀವ ಇತ್ತು.

ಅವ್ವ ಮಟನ್ ಸಾರಿನ ಪಾತ್ರೆ ಹಿಡ್ಕೊಂಡು ಬಂದೋಳು ಅಲ್ಲೇ ನಿಂತ್ಲು.

"ತೆಗಿ ಅದನ್ನ."

"ಯಾಕವ್ವ? ಅಪ್ಪನ ಫೋಟೋ."

"ತೆಗಿ ಅಂದ್ನಲ್ಲ ಕಾಂತ."

"ಏನು ಗೊಂಬೆ ಅಂತಾನಾ? ಗೊಂಬೆ ಆದ್ರೇನು, ಮುಖ ಅಪ್ಪಂದಲ್ವಾ? ಎಲ್ಲರೂ ದೇವರನ್ನೇ ಮಣ್ಣಲ್ಲಿ ಮಾಡಿ ಇಡ್ತಾರೆ, ನಾನು ಅಪ್ಪನ್ನ ಇಟ್ರೆ ತಪ್ಪಾ?" ನನ್ನ ಗಂಟಲು ಬೀದಿಗೆ ಕೇಳೋ ಹಾಗಾಯ್ತು.

ಅವ್ವ ಪಾತ್ರೆ ಕೆಳಗಿಟ್ಲು. "ಅದು ಅವರಲ್ಲ ಕಣೋ."

ಸಿಂಧು ಒಳಗಿಂದ ಬಂದು ಬಾಗಿಲಲ್ಲಿ ನಿಂತ್ಲು. ನಾನು, "ಅವರಲ್ಲ ಅಂದ್ರೆ? ನೀನೇ ತಾನೇ ಇವರೇ ಅಂದಿದ್ದು?" ಅಂದೆ.

"ನೀನು ಅನ್ನ ನೀರು ಬಿಟ್ಟು ಹುಚ್ಚನ ಥರ ಆಡ್ತಿದ್ದೆ. ಅದೊಂದು ಚೆನ್ನಾಗಿತ್ತು, ಹೂಂ ಅಂದೆ."

"ಹಂಗಾದ್ರೆ ಅಪ್ಪನ ಮುಖ ಹೆಂಗಿತ್ತು?"

"ನಾನು ನೋಡಿಲ್ಲ ಕಣಪ್ಪ."

ನನಗೆ ಏನು ಬಂತೋ, "ನೋಡಿಲ್ವಾ? ಎರಡು ವರ್ಷ ಸಂಸಾರ ಮಾಡಿದ್ದೀಯ, ನಾನೇನು ಆಕಾಶದಿಂದ ಉದುರಿದ್ನಾ?" ಅಂತ ಮಗಳ ಎದುರಿಗೇ ಅಂದೆ. ಸಿಂಧು "ಅಪ್ಪಾ!" ಅಂತ ಗದರಿಸಿದ್ಲು.

ಅವ್ವ ಗೋಡೆಗೆ ಒರಗಿ ಕೂತ್ಲು. ಸಿಟ್ಟು ಮಾಡ್ಕೊಳ್ಲಿಲ್ಲ. "ಆ ಕಾಲ ನಿಂಗೇನು ಗೊತ್ತು. ಮದುವೇಲಿ ಮಧ್ಯದ ತೆರೆ ಸರಿಸಿದಾಗ ನೋಡ್ಬೇಕಿತ್ತು. ನಾಚಿಕೆ, ಕಣ್ಣು ಮುಚ್ಕೊಂಡೆ. ಎಲ್ಲಿ ಓಡಿಹೋಗ್ತಾರೆ, ಮುಂದೆ ನಿಧಾನಕ್ಕೆ ನೋಡಿದ್ರಾಯ್ತು ಅಂತ. ತಿಂಗಳಿಗೆ ಎರಡೋ ಮೂರೋ ದಿನ ಮನೇಲಿರೋರು. ಹಗಲೊತ್ತು ಗಂಡನ ಎದುರಿಗೆ ತಲೆ ಎತ್ತಿ ನಿಂತ್ರೆ ನಮ್ಮತ್ತೆ ಬಜಾರಿ ಅನ್ನೋರು. ರಾತ್ರಿ ಸೀಮೆಎಣ್ಣೆ ದಂಡ ಅಂತ ಬುಡ್ಡಿ ಆರಿಸ್ಬಿಡೋರು. ಬಡಿಸೋವಾಗ ಕಾಲು ನೋಡಿದೀನಿ, ಕೈ ನೋಡಿದೀನಿ. ಹಿಂದೆ ನಡೆಯೋವಾಗ ಬೆನ್ನು ನೋಡಿದೀನಿ. ಅರೆಬರೆ ಮುಖ ಕಂಡಿದ್ದೇನಾದ್ರೂ ಇದ್ರೆ ಅದು ನಿನ್ನ ಮುಖ ನೋಡಿ ನೋಡಿ ಕಲಸಿಹೋಯ್ತು. ನೀನು ಮುಖ ಮುಖ ಅಂತ ಬಡ್ಕೊಂಡಾಗೆಲ್ಲ ನೆನಪು ಮಾಡ್ಕೊಳ್ಳೋಕೆ ಹೋಗ್ತಿದ್ದೆ. ಅಲ್ಲಿ ಏನೂ ಇರ್ತಿರ್ಲಿಲ್ಲ ಕಣೋ."

"ಅದನ್ನ ಅವತ್ತೇ ಹೇಳ್ಬಾರ್ದಿತ್ತಾ ಅಜ್ಜಿ?" ಅಂತ ಸಿಂಧು ಮೆಲ್ಲಗೆ ಕೇಳಿದ್ಲು.

"ಏನಂತ ಹೇಳ್ಲಿ? ನಿಮ್ಮಪ್ಪನ ಮುಖ ನಾನು ನೋಡೇ ಇಲ್ಲ ಅಂತ ಮಗನಿಗೆ ಯಾವ ಬಾಯಲ್ಲಿ ಹೇಳ್ಲಿ? ಸಿನಿಮಾ ಅಂದ್ರೆ ಆಟ, ಇರ್ಲಿ ಬಿಡು ಅಂತ ಸುಮ್ಮನಾದೆ. ಎಡೆ ಹಂಗಲ್ಲಮ್ಮ. ಬೇರೆ ಯಾರದ್ದೋ ಮುಖ ಇಟ್ಟು ಕರೆದ್ರೆ, ಅವರು ಬಂದು ನೋಡಿ, ಇದು ನನ್ನ ಮನೆ ಅಲ್ಲ ಅಂತ ವಾಪಸ್ ಹೋಗ್ತಾರೆ."

ನಾನು ಹಾರ ತೆಗೆದೆ. ನನಗೆ ಅಪ್ಪ ಸಿಕ್ಕಿದ್ದು ಸುಳ್ಳು, ಈಗ ಎರಡನೇ ಸಲ ಸತ್ತ ಅನ್ನೋ ದುಃಖ ಒಂದು ಕಡೆ. ನೀನೆಂಥ ಹೆಂಗ್ಸು ಅಂದಿದ್ನಲ್ಲ, ಅದು ಇನ್ನೊಂದು ಕಡೆ. ಆಡಿದ ಮಾತು ವಾಪಸ್ ಬಾಯಿಗೆ ಬರುತ್ತಾ?

ಅವ್ವ ಇನ್ನೂ ಮುಗಿಸಿರ್ಲಿಲ್ಲ. ಯಾರಿಗೂ ಅಲ್ಲ, ತನಗೇ ಹೇಳ್ಕೊಳ್ಳೋ ಹಾಗೆ ಹೇಳಿದ್ಲು. "ಕಡೇ ಸಲ ಹೊರಟಾಗ ನೀನು ಹೊಟ್ಟೇಲಿದ್ದೆ. ಬುತ್ತಿ ಕೊಟ್ಟೆ. ಈಸ್ಕೊಂಡು ಹೋಗ್ಲಿಲ್ಲ, ಅಲ್ಲೇ ನಿಂತ್ರು. 'ಏಯ್, ಒಂದ್ಸಲ ತಲೆ ಎತ್ತೇ' ಅಂದ್ರು. ಅತ್ತೆ ಜಗಲೀಲಿ ರಾಗಿ ಕೇರ್ತಾ ಇದ್ರು. ನಾನು ಎತ್ತಲಿಲ್ಲ. 'ಯಾರೂ ನೋಡ್ತಿಲ್ಲ, ಎತ್ತೇ' ಅಂತ ಮತ್ತೆ ಅಂದ್ರು. ಬುತ್ತಿ ಗಂಟನ್ನೇ ನೋಡ್ತಾ ನಿಂತೆ ಕಣೋ ಮುಂಡೇದು. ಆಮೇಲೆ ಚಪ್ಪಲಿ ಸದ್ದು ಕೇಳಿಸ್ತು, ಹೋಗ್ಬಿಟ್ರು. ಒಂದ್ಸಲ ಎತ್ತಿದ್ರೆ ನಂದೇನು ಗಂಟು ಹೋಗ್ತಿತ್ತು? ಬೈದಿದ್ರೆ ಬೈತಿದ್ರು. ಬೈಸ್ಕೊಂಡು ಬದುಕಿರ್ತಿದ್ದೆ."

ಅಷ್ಟು ವರ್ಷದಲ್ಲಿ ಅವಳು ಅತ್ತಿದ್ದನ್ನ ನಾನು ನೋಡಿರ್ಲಿಲ್ಲ. ಅವತ್ತು ನೋಡ್ದೆ. ಏನು ಮಾಡ್ಬೇಕೋ ಗೊತ್ತಾಗದೆ ಪಕ್ಕದಲ್ಲಿ ಕೂತು ಅವಳ ಕೈ ಹಿಡ್ಕೊಂಡೆ. "ನಾನು ಕೇಳ್ಬಾರ್ದಿತ್ತವ್ವಾ" ಅಂದೆ. "ನೀನು ಕೇಳ್ದೆ ಇನ್ಯಾರು ಕೇಳ್ತಾರೆ" ಅಂದ್ಲು. ಸಿಂಧು ನನ್ನ ಕಿವೀಲಿ, "ಅಪ್ಪ, ಮುಖ ಕಾಣದಿರೋ ಹಾಗೆ ಹಿಂದಿನಿಂದ ಮತ್ತೆ ಎಲ್ಲಾ ಶೂಟ್ ಮಾಡ್ಲಾ?" ಅಂತ ಕೇಳಿದ್ಲು. "ಈಗ ಸುಮ್ನಿರೇ" ಅಂದೆ.

ಅನುಸೂಯ ಬಂದು ಮಣೆ ಮೇಲೆ ಪಂಚೆ ಇಟ್ಲು. ಎಲೆ ಹಾಕಿ ಮುದ್ದೆ, ಸಾರು, ವಡೆ, ಕಜ್ಜಾಯ ಬಡಿಸಿ, ಪಕ್ಕಕ್ಕೆ ಒಂದು ಕಟ್ಟು ಬೀಡಿ ಇಟ್ಲು. ಧೂಪ ಹಾಕಿ ಎಲ್ಲರೂ ಆಚೆ ಬಂದು ಬಾಗಿಲು ಮುಂದೆ ಮಾಡ್ಕೊಂಡ್ವಿ. ಮಟಮಟ ಮಧ್ಯಾಹ್ನ. ಎದುರು ಮನೇಲೂ ಬಾಗಿಲು ಹಾಕಿ ಆಚೆ ನಿಂತಿದ್ರು. ಪ್ರತಿ ವರ್ಷ ಅವ್ವ ಎಲ್ಲರಿಗಿಂತ ಹಿಂದೆ, ಗೋಡೆ ಕಡೆ ತಿರುಗಿ, ಸೆರಗು ಹೊದ್ದು ತಲೆ ತಗ್ಗಿಸಿ ನಿಲ್ಲೋಳು. ಈ ಸಲ ಬಂದು ಬಾಗಿಲಿಗೇ ಎದುರಾಗಿ ನಿಂತ್ಲು.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆಗೆಯೋದು ನನ್ನ ಕೆಲಸ. ಕೈ ಎತ್ತಿದೆ. ಅವ್ವ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ತಾನೇ ತಟ್ಟಿದ್ಲು. ತಲೆ ಮೇಲಿನ ಸೆರಗು ತೆಗೆದು ಹೆಗಲ ಮೇಲೆ ಹಾಕ್ಕೊಂಡ್ಲು. ಬಾಗಿಲು ನೂಕಿ, ಕತ್ತು ನೆಟ್ಟಗೆ ಎತ್ತಿ, ಎದುರಿಗೇ ನೋಡಿದ್ಲು.

ಧೂಪದ ಹೊಗೆ ಇತ್ತು, ಪಂಚೆ ಇತ್ತು, ಎಲೆ ಇತ್ತು. ಅವ್ವ ಹಂಗೇ ತಲೆ ಎತ್ಕೊಂಡು ನಿಂತಿದ್ಲು. ನಾವ್ಯಾರೂ ಒಳಗೆ ಹೋಗ್ಲಿಲ್ಲ.